ಬ್ಲೇಡಿಗೆ ಸಿಕ್ಕ ಕೋಣೆ

ಈ ಬೇಸಿಗೆಯಲ್ಲಿ ನನ್ನ ಮನೆಯ ಒಂದು ಕೋಣೆಯನ್ನು ನಾನೇ ಬ್ಲೇಡಿನಿಂದ ಕೊಯ್ದು ಕಸದ ಬುಟ್ಟಿಗೆ ಹಾಕಿದೆ.

ಗಾಬರಿಯಾಗಬೇಡಿ, ಮನೆ ಆಗಿನ್ನೂ ರಟ್ಟಿನದು. ಆದರೂ ಆ ಒಂದು ಕೆಲಸಕ್ಕೆ ಜೀವದ ಗೆಳತಿಯೊಬ್ಬಳು ಮೂರು ವಾರ ನನ್ನ ಕಡೆ ಸುಳಿಯಲಿಲ್ಲ.

ನಾನು ಮನೆ ಕಟ್ಟಿಸುತ್ತಿರುವ ವಿಷಯ ಈ ಅಂಕಣ ಓದುವವರಿಗೆ ಹೊಸದಲ್ಲ. (ನಿಮ್ಮಲ್ಲಿ ಇಬ್ಬರು ವಾಸ್ತು ಹೇಳಿ ಕಾರ್ಡು ಬರೆದಿದ್ದೀರಿ. ಥ್ಯಾಂಕ್ಸ್. ಬಾಗಿಲು ಬೀದಿ ಎಲ್ಲಿದೆಯೋ ಅಲ್ಲೇ ಇರುತ್ತದೆ.) ಚಳ್ಳಕೆರೆಗೆ ಟೀಚರಾಗಿ ಬಂದು ಹದಿನಾಲ್ಕು ವರ್ಷ. ಅಷ್ಟೂ ವರ್ಷ ಬಾಡಿಗೆ ಮನೆ. ಮದುವೆಯಾಗಿಲ್ಲ, ಆಗುವ ಅವಸರವೂ ಇಲ್ಲ. ಹುಟ್ಟಿ ಬೆಳೆದದ್ದು ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ. ಅಲ್ಲಿ ನಡುಮನೆ ಮಗ್ಗಕ್ಕೆ, ಗೋಡೆಯ ಅಂಚು ಮನುಷ್ಯರಿಗೆ. ನಡುಮನೆಯ ನಟ್ಟನಡುವೆ ಕೈಕಾಲು ಚಾಚಿ ಮಲಗಬೇಕು ಎನ್ನುವುದು ಚಿಕ್ಕಂದಿನಿಂದ ನನ್ನ ಅತಿ ದೊಡ್ಡ ಆಸೆ. ಇದೂ ಒಂದು ಆಸೆಯೇ ಅಂತೀರಾ? ಮಗ್ಗದ ಮನೆಯಲ್ಲಿ ಬೆಳೆದವರನ್ನು ಕೇಳಿ ನೋಡಿ.

ಊರ ಹೊರಗೆ ಸೈಟು ಸಿಕ್ಕಿತು. ಎಣ್ಣೆ ಮಿಲ್ಲುಗಳ ಕಡೆಯಿಂದ ಗಾಳಿ ಬೀಸಿದರೆ ಕಡಲೆಕಾಯಿ ಹಿಂಡಿಯ ವಾಸನೆ ಬರುತ್ತದೆ. ಕಣ್ಣು ಹಾಯಿಸಿದಷ್ಟೂ ಬಯಲು, ಅಲ್ಲಲ್ಲಿ ಜಾಲಿ. ಟೀಚರುಗಳಿಗೆ ಮನೆ ಕಟ್ಟಲು ಇರುವುದು ಒಂದೇ ಸೀಸನ್, ಬೇಸಿಗೆ ರಜೆ. ಸರಿ, ಮೇಸ್ತ್ರಿ ಓಬಳಪ್ಪನವರನ್ನು ಕರೆಸಿದೆ. ಮೊಳಕಾಲ್ಮೂರಿನಿಂದಾಚೆ ಆಂಧ್ರದ ಗಡಿಗೆ ತಾಗಿದ ಹಳ್ಳಿಯವರು. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಎಂಜಿನಿಯರ್ ಬರೆದುಕೊಟ್ಟ ನೀಲಿ ಪ್ಲಾನನ್ನು ಅವರ ಮುಂದೆ ಹರಡಿದೆ. ಒಮ್ಮೆ ಹೀಗೆ ತಿರುಗಿಸಿದರು, ಒಮ್ಮೆ ಹಾಗೆ. ಕೊನೆಗೆ ನೀಟಾಗಿ ಮಡಿಸಿ ವಾಪಸ್ ಕೊಟ್ಟರು.

"ಬರೇ ಗೀಟೈತಲ್ಲಮ್ಮಾ ಇದ್ರಾಗೆ. ಮನೆ ಎಲ್ಲೈತೆ?"

"ಅದೇ ಮನೆ ಓಬಳಪ್ಪ."

"ನಂಗೆ ಕಣ್ಣಿಗೆ ಕಾಣ್ಬೇಕು. ಒಂದು ಬೊಮ್ಮ ಮಾಡ್ಕೊಡ್ರಿ. ಅದನ್ನ ನೋಡ್ಕಂಡು ಹಂಗೇ ಎಬ್ಬಿಸ್ತೀನಿ."

ಬೊಮ್ಮ ಅಂದರೆ ಗೊಂಬೆ. ಗೊಂಬೆಮನೆ! ಹದಿನಾಲ್ಕು ವರ್ಷಗಳಿಂದ ಕ್ರಾಫ್ಟ್ ಪೀರಿಯಡ್‌ನಲ್ಲಿ ನಾನು ಮಕ್ಕಳ ಕೈಯಲ್ಲಿ ಮಾಡಿಸುತ್ತಿರುವುದೇ ಅದು.

ಏಪ್ರಿಲ್ ಎರಡನೇ ವಾರ. ರಿಸಲ್ಟ್ ಓದಿ ಮಕ್ಕಳನ್ನು ಕಳಿಸಿಯಾಗಿತ್ತು. ಗಿಡಗಳಿಗೆ ನೀರು ಹಾಕಬೇಕೆಂದು ಶಾಲೆಯ ಬೀಗದಕೈ ನನ್ನ ಹತ್ತಿರವೇ ಇತ್ತು. ಮಧ್ಯಾಹ್ನ ಮೂರನೇ ಕ್ಲಾಸಿನ ಕೋಣೆ ತೆಗೆದು ಕೂತೆವು, ನಾವು ಮೂವರು. ಒಬ್ಬಳು ಗಿರಿಜಾ, ನಮ್ಮ ಶಾಲೆಯ ಗಣಿತದ ಟೀಚರ್, ನಾಯಕನಹಟ್ಟಿಯಿಂದ ದಿನಾ ಬಸ್ಸಿನಲ್ಲಿ ಬರುವವಳು. ಇನ್ನೊಬ್ಬಳು ಮುಮ್ತಾಜ್, ನಮ್ಮ ಕಾಂಪೌಂಡಿನೊಳಗೇ ಇರುವ ಅಂಗನವಾಡಿಯ ಟೀಚರ್. ನನಗಿಂತ ಎಂಟು ವರ್ಷ ಚಿಕ್ಕವಳು. ನನ್ನನ್ನು ಅಕ್ಕ ಅನ್ನುತ್ತಾಳೆ.

ಕಿಟಕಿಯ ಕಟ್ಟೆಯ ಮೇಲೆ ಮಕ್ಕಳು ಮಾಡಿದ ಮನೆಗಳು ಸಾಲಾಗಿ ಕೂತಿದ್ದವು. ಬೆಂಕಿಪೊಟ್ಟಣದ ಮನೆ, ಐಸ್‌ಕ್ಯಾಂಡಿ ಕಡ್ಡಿಯ ಮನೆ, ಬಳೆಚೂರಿನ ಕಿಟಕಿಯ ಮನೆ. ನನ್ನಿವಾಳದ ಕಡೆಯ ಕುರಿಯವರ ಹುಡುಗಿಯೊಬ್ಬಳು ಮಾಡಿದ ಮನೆಗೆ ಗೋಡೆಗಳೇ ಇಲ್ಲ. ಸುತ್ತ ಮುಳ್ಳಿನ ಬೇಲಿ, ನಡುವೆ ಹತ್ತಿಯ ಕುರಿಗಳು. "ಬ್ಯಾಸಿಗ್ಯಾಗೆ ನಾವು ಹೊರಗೇ ಮಲಗೋದು ಮಿಸ್" ಎಂದು ವಿವರಣೆ ಕೊಟ್ಟಿದ್ದಳು. (ಹತ್ತಕ್ಕೆ ಹತ್ತು ಹಾಕಿದ್ದೆ.)

ಮೈದಾ ಕುದಿಸಿ ಅಂಟು ಮಾಡಿದೆವು. ಗಿರಿಜಾ ಸ್ಕೇಲು ಹಿಡಿದು ಒಂದಡಿಗೆ ಅರ್ಧ ಇಂಚು ಎಂದು ಲೆಕ್ಕ ಹಾಕಿದಳು. ನಾನು ಕತ್ತರಿಸಿದೆ. ಮುಮ್ತಾಜ್ ಅಂಟಿಸಿದಳು. ಫ್ಯಾನು ಕಿರ್‍ರೆಂದು ತಿರುಗಿ, ಕರೆಂಟು ಹೋಗಿ, ಮತ್ತೆ ಬಂದು ತಿರುಗಿತು. ಹೊರಗೆ ಬಿಸಿಲಿಗೆ ಇಡೀ ಊರೇ ಮಲಗಿತ್ತು. ಎಲ್ಲೋ ಒಂದು ಕೋಗಿಲೆ ಮಾತ್ರ ಎಚ್ಚರವಾಗಿತ್ತು.

ಮನೆ ನಿಂತ ಮೇಲೆ ಮೂವರೂ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದೆವು. ಒಂದು ಕಣ್ಣು ಮುಚ್ಚಿ, ರಟ್ಟಿನ ಬಾಗಿಲಿನಿಂದ ಒಳಗೆ ನೋಡಿದೆವು. ನೀವು ಹಾಗೆ ನೋಡಿದ್ದೀರಾ? ನೋಡಿ ಒಮ್ಮೆ. ಬೆರಳುದ್ದದ ಕಿಟಕಿಯಿಂದ ಬಿಸಿಲು ಒಳಗೆ ಬಂದು ರಟ್ಟಿನ ನೆಲದ ಮೇಲೆ ಬಿದ್ದಿರುತ್ತದೆ. ಆ ಬಿಸಿಲಲ್ಲಿ ನಾವೇ ಓಡಾಡುತ್ತಿರುವಂತೆ ಕಾಣುತ್ತದೆ. ಈ ಮೂಲೆಯಲ್ಲಿ ನೀರಿನ ಹಂಡೆ, ಅಲ್ಲಿ ಪುಸ್ತಕದ ಕಪಾಟು. ಆ ಕಿಟಕಿಯ ಹತ್ತಿರ ನಾನು, ಮುದುಕಿಯಾಗಿ, ಕನ್ನಡಕ ಹಾಕಿಕೊಂಡು.

"ಹಾಲ್‌ನಾಗೆ ಉಯ್ಯಾಲೆಗೆ ಕೊಂಡಿ ಹಾಕ್ಸು. ನಾನು ಬಂದಾಗ ತೂಗ್ಬೇಕು" ಎಂದಳು ಗಿರಿಜಾ.

"ನೀನು ಕೂತ್ರೆ ತಾರಸಿ ಕೆಳಗೆ ಬರ್ತೈತೆ ಬಿಡು" ಎಂದೆ.

ಮುಮ್ತಾಜ್ ನಗಲಿಲ್ಲ. ಏನೋ ಅಂಟಿಸುತ್ತಿದ್ದಳು. ನೋಡಿದರೆ ಹಾಲ್‌ನ ಹಿಂದೆ, ನಮ್ಮ ಪ್ಲಾನಿನಲ್ಲೇ ಇಲ್ಲದ ಒಂದು ಚಿಕ್ಕ ಕೋಣೆ. ಆರಡಿಗೆ ಎಂಟಡಿ ಇರಬಹುದು. ಒಂದು ಬಾಗಿಲು, ಒಂದು ಕಿಟಕಿ. ಒಳಗೆ ಬೆಂಕಿಪೊಟ್ಟಣದ ಒಂದು ಮೇಜು.

"ಇದೇನೇ ಇದು?"

"ಇರ್ಲಿ ಅಕ್ಕ. ಸಾಮಾನು ಗೀಮಾನು ಇಡಾಕೆ" ಎಂದಳು. ಕಿಟಕಿಯ ಅಂಚನ್ನು ಉಗುರಿನಿಂದ ಒತ್ತಿ ಒತ್ತಿ ಸರಿ ಮಾಡಿದಳು.

ಸಾಮಾನಿನ ಕೋಣೆಗೆ ಕಿಟಕಿ ಯಾಕೆ, ಮೇಜು ಯಾಕೆ? ನಾನು ಕೇಳಲಿಲ್ಲ. ಹದಿನಾಲ್ಕು ವರ್ಷ ಮಕ್ಕಳ ಮುಖ ನೋಡಿ ಹಸಿವೆ ಯಾವುದು, ಜ್ವರ ಯಾವುದು ಎಂದು ಹೇಳುವ ನನಗೆ ಆ ಬೆಂಕಿಪೊಟ್ಟಣ ಓದಲು ಬರಲಿಲ್ಲ.

ಮಾರನೇ ದಿನ ಮೊಳಕಾಲ್ಮೂರಿನಿಂದ ನನ್ನ ತಮ್ಮ ಬಂದ. ನೇಯುವವನು. ಎಳೆ ಎಳೆ ಲೆಕ್ಕ ಅವನದು. ರಟ್ಟಿನ ಮನೆಯ ಸುತ್ತ ಎರಡು ಸುತ್ತು ಹಾಕಿ, ಆ ಕೋಣೆಯ ಮೇಲೆ ಬೆರಳಿಟ್ಟ.

"ಈ ಗೂಡು ಯಾಕಕ್ಕ? ಸುಮ್ನೆ ಜಾಗ ದಂಡ. ತೆಗ್ದು ಹಾಲ್‌ಗೆ ಸೇರ್ಸು. ನೀನೇ ಹೇಳ್ತಿದ್ದೆಲ್ಲ, ಅಗಲ ಇರ್ಬೇಕು ಅಂತ."

ಹೌದಲ್ಲ! ಕೈಕಾಲು ಚಾಚಿ ಮಲಗುವ ನನ್ನ ನಡುಮನೆ. ಬ್ಲೇಡು ತೆಗೆದುಕೊಂಡೆ. ಎರಡು ನಿಮಿಷದ ಕೆಲಸ.

ಪಾಯದ ಪೂಜೆಯ ದಿನ ಬೆಳಿಗ್ಗೆ ಎಲ್ಲರೂ ಬಂದರು. ಓಬಳಪ್ಪ ರಟ್ಟಿನ ಮನೆಯನ್ನು ಇಟ್ಟಿಗೆಯ ಮೇಲಿಟ್ಟು, ಅದನ್ನು ನೋಡಿಕೊಂಡು ನೆಲದ ಮೇಲೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಮುಮ್ತಾಜ್ ಬಗ್ಗಿ ನೋಡಿದಳು. ಆ ಕೋಣೆ ಇದ್ದಲ್ಲಿ ಅಂಟಿನ ಕಲೆ ಮಾತ್ರ ಉಳಿದಿತ್ತು.

"ಚೆನ್ನಾಗೈತೆ ಅಕ್ಕ" ಎಂದಳು. ಕೊಬ್ಬರಿ ಸಕ್ಕರೆ ತಿಂದು ಹೋದಳು.

ಆಮೇಲೆ ಬರಲಿಲ್ಲ. ಒಂದು ವಾರ ಬಿಸಿಲು ಅಂದುಕೊಂಡೆ. ಎರಡನೇ ವಾರ ಅವರ ಮನೆಯಲ್ಲಿ ಯಾರದೋ ಮದುವೆ ಇರಬೇಕು ಅಂದುಕೊಂಡೆ. (ಗೆಳತಿಯರು ಬರದೆ ಹೋದಾಗ ನಾವು ಹುಡುಕುವ ಕಾರಣಗಳಲ್ಲಿ ನಾವೇ ಇರುವುದಿಲ್ಲ, ಗಮನಿಸಿದ್ದೀರಾ?) ನನಗೋ ಮನೆಯ ಹುಚ್ಚು. ಬೆಳಿಗ್ಗೆ ಸಂಜೆ ಗೋಡೆಗೆ ನೀರು. ಒದ್ದೆ ಇಟ್ಟಿಗೆಯ ವಾಸನೆಗೆ ಮಳೆಗಾಲವೇ ಬಂದಂತೆ ಆಗುತ್ತಿತ್ತು. ಮೊಣಕಾಲೆತ್ತರದ ಗೋಡೆಗಳನ್ನು ದಾಟಿ ದಾಟಿ ಅಡುಗೆಮನೆಯಿಂದ ಹಾಲ್‌ಗೆ, ಹಾಲ್‌ನಿಂದ ಮಲಗುವ ಕೋಣೆಗೆ ಓಡಾಡುತ್ತಿದ್ದೆ.

ಮೂರನೇ ವಾರ ಗಿರಿಜಾ ಬಂದಳು. ಗೋಡೆಗಳು ಆಗ ಕಿಟಕಿಯ ಮಟ್ಟಕ್ಕೆ ಬಂದಿದ್ದವು.

"ಮುಮ್ತಾಜ್ ಯಾಕೆ ಬರ್ತಿಲ್ಲ ಗೊತ್ತಾ?" ಎಂದು ಕೇಳಿದೆ.

ಅವಳು ನನ್ನ ಮುಖವನ್ನೇ ನೋಡಿದಳು. "ನಿಜವಾಗ್ಲೂ ನಿಂಗೆ ತಿಳೀಲಿಲ್ವೇನೇ? ಅವ್ಳು ಎರಡು ವರ್ಷದಿಂದ ಬಿ.ಎ. ಎಕ್ಸಾಮ್ ಕಟ್ತಿದಾಳೆ. ಕರೆಸ್ಪಾಂಡೆನ್ಸ್. ಗಂಡನಿಗೊಬ್ಬನಿಗೆ ಗೊತ್ತು, ಅತ್ತೆಗೆ ಹೇಳಿಲ್ಲ. ಅವ್ನು ಲಾರಿ ಮೇಲೆ ಹೋದ್ರೆ ವಾರ ಬರಲ್ಲ. ಎರಡು ಕೋಣೆ ಮನೆ, ಹನ್ನೊಂದು ಜನ. ಎಲ್ಲಿ ಕೂತು ಓದ್ಬೇಕು? ಅಂಗನವಾಡಿ ಸ್ಟೋರ್‌ನಾಗೆ ಮೂಟೆ ಮೇಲೆ ಕೂತು ಓದ್ತಾಳೆ."

ಬೆಂಕಿಪೊಟ್ಟಣದ ಮೇಜು ಆಗ ಅರ್ಥವಾಯಿತು.

ಅದೇ ಮಧ್ಯಾಹ್ನ ಅಂಗನವಾಡಿಗೆ ಹೋದೆ. ಮಕ್ಕಳು ಮನೆಗೆ ಹೋಗಿದ್ದರು. ಗೋಡೆಯ ತುಂಬ ಬಣ್ಣದ ಕಾಗದದ ಮೀನುಗಳು. ಹಿಂದಿನ ಸ್ಟೋರ್‌ನಲ್ಲಿ ಕಿಟಕಿಯಿಲ್ಲ. ಬಾಗಿಲು ಅರ್ಧ ತೆರೆದು, ಆ ಬೆಳಕಿಗೆ ಪುಸ್ತಕ ಹಿಡಿದು, ಮೂಟೆಯ ಮೇಲೆ ಮುಮ್ತಾಜ್. ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಪುಸ್ತಕ ಬೆನ್ನ ಹಿಂದೆ ಇಟ್ಟಳು, ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗಿಯ ಹಾಗೆ.

"ಒಂದು ಮಾತು ಹೇಳ್ಬಾರ್ದಾಗಿತ್ತೇನೇ?"

"ಏನಂತ ಹೇಳ್ಲಿ ಅಕ್ಕ? ನಿಮ್ ಮನೇನಾಗೆ ನಂಗೊಂದು ಕೋಣೆ ಕಟ್ಸ್ರಿ ಅಂತಾ?" ನಗಲು ನೋಡಿದಳು, ಆಗಲಿಲ್ಲ. "ಅಂಟಿಸೋವಾಗ ಸುಮ್ನೆ ಆಟ ಅಂತಾನೇ ಅಂಟಿಸ್ದೆ. ಅಂಟಿಸಿದ್ ಮೇಲೆ ಆಸೆ ಆತು. ನಂದೇ ತಪ್ಪು."

ಅವಳ ಪಕ್ಕ ಮೂಟೆಯ ಮೇಲೆ ಕೂತೆ. ಎರಡೇ ನಿಮಿಷಕ್ಕೆ ಬೆನ್ನು ತೊಯ್ದು ಹೋಯಿತು. ಇಲ್ಲಿ ಇವಳು ಎರಡು ವರ್ಷ ಓದಿದ್ದಾಳೆ. ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿ ಫ್ಯಾನಿನ ಕೆಳಗೆ ಕೂತಿದ್ದೆ.

ಸಂಜೆ ಓಬಳಪ್ಪನವರ ಮುಂದೆ ನಿಂತು, "ಹಾಲ್‌ನ ಹಿಂದೆ ಒಂದು ಚಿಕ್ಕ ಕೋಣೆ ಬೇಕು" ಎಂದೆ.

"ಗೋಡೆ ಒಡೀಬೇಕಾಗ್ತೈತಮ್ಮಾ. ಹಿಂದ್ಗಡೆ ಜಾಗಾನೂ ಇಲ್ಲ." ಅವರು ಬೀಡಿ ಆರಿಸಿ, ಸುತ್ತ ಒಂದು ಸಲ ನೋಡಿದರು. ಮುಂದೆ ಪೋರ್ಟಿಕೋದ ಎರಡು ಕಂಬಗಳು ಎದ್ದಿದ್ದವು. "ಅಮ್ಮಾ, ನಿಮ್ಗೆ ಕಾರು ಐತಾ?"

"ಸೈಕಲ್ಲೂ ಇಲ್ಲ ಓಬಳಪ್ಪ."

"ಮತ್ತೆ ಇದು ಯಾರಿಗೆ ಕಟ್ಟಿಸ್ತಿದೀರಿ?"

ನನಗೆ ನಾಚಿಕೆಯಾಯಿತು. ಎಂಜಿನಿಯರ್ ಬರೆದಿದ್ದರು, ನಾವು ರಟ್ಟಿನಲ್ಲೂ ಮಾಡಿದ್ದೆವು. ಮೂರು ಜನ ಹೆಂಗಸರು ಕೂತು, ಸ್ಕೇಲು ಹಿಡಿದು, ಹುಟ್ಟದ ಕಾರಿಗೆ ನೆರಳು ಮಾಡಿದ್ದೆವು!

"ಸರೇಲೇಮ್ಮಾ, ಆಯ್ತು ಬಿಡ್ರಿ" ಎಂದರು ಓಬಳಪ್ಪ. ಮಾರನೇ ದಿನವೇ ಕಂಬಗಳ ನಡುವೆ ಇಟ್ಟಿಗೆ ಏಳತೊಡಗಿತು. ಐದು ದಿನಕ್ಕೆ ಒಂದು ಬಾಗಿಲು, ಒಂದು ಕಿಟಕಿ. ಇಡೀ ಮನೆಗೆ ತಾರಸಿ ಬೀಳುವ ಮೊದಲೇ ಆ ಕೋಣೆಯ ಮೇಲೆ ತಗಡು ಹೊದಿಸಿ, ತಂಪಿಗೆಂದು ಒದ್ದೆ ಗೋಣಿತಾಟು ಹಾಸಿದರು. ನನ್ನ ಹಳೆಯ ಮೇಜು, ಕುರ್ಚಿಯನ್ನು ಕೈಗಾಡಿಯ ಮೇಲೆ ತಂದು ಕಿಟಕಿಗೆ ತಾಗಿಸಿ ಇಟ್ಟೆ.

ಮುಮ್ತಾಜ್ ಬಾಗಿಲಲ್ಲಿ ನಿಂತವಳು ಬಹಳ ಹೊತ್ತು ಒಳಗೇ ಬರಲಿಲ್ಲ. ಆಮೇಲೆ ಚಪ್ಪಲಿ ಹೊರಗೆ ಬಿಟ್ಟು ಬಂದಳು, ಸಿಮೆಂಟು ಧೂಳಿನ ನೆಲಕ್ಕೆ.

ಮೇ ತಿಂಗಳ ಆ ಮಧ್ಯಾಹ್ನಗಳನ್ನು ನಾನು ಮರೆಯುವುದಿಲ್ಲ. ಇನ್ನೂ ತಾರಸಿಯಿಲ್ಲದ ನನ್ನ ಹಾಲ್‌ನಲ್ಲಿ, ಗೋಡೆಯ ನೆರಳಿಗೆ ಚಾಪೆ ಹಾಸಿ, ನಟ್ಟನಡುವೆ ಮಲಗುತ್ತಿದ್ದೆ. ಮೇಲೆ ಬರೀ ಆಕಾಶ, ಒಂದೆರಡು ಹದ್ದು. ಗೋಣಿತಾಟಿನಿಂದ ನೀರು ತೊಟ್ಟಿಕ್ಕುವ ಸದ್ದು. ಆಚೆ ಕೋಣೆಯಿಂದ ಮುಮ್ತಾಜ್ ಮೆಲ್ಲಗೆ ಓದಿಕೊಳ್ಳುವ ದನಿ, ಯಾವುದೋ ರಾಜ, ಯಾವುದೋ ಕಾಲುವೆ. ನಿದ್ದೆ ಯಾವಾಗ ಬಂತೆಂದೇ ತಿಳಿಯುತ್ತಿರಲಿಲ್ಲ.

ಪರೀಕ್ಷೆಗೆ ನಾಲ್ಕು ದಿನವಿದ್ದಾಗ ಅವಳ ಅತ್ತೆ ಬಂದರು.

ದೂರದಿಂದಲೇ ಕಂಡೆ. ಬಿಸಿಲಿಗೆ ಸೆರಗು ತಲೆ ಮೇಲೆ ಎಳೆದುಕೊಂಡು, ಬಯಲು ದಾಟಿ ನೇರ ನಮ್ಮ ಕಡೆಗೇ. ಯಾರೋ ಹೇಳಿದ್ದಾರೆ. ಇವತ್ತಿಗೆ ಓದು ಮುಗಿಯಿತು ಎಂದುಕೊಂಡೆ. ಮುಮ್ತಾಜ್ ಎದ್ದು ನಿಂತಳು. ಪುಸ್ತಕ ಮುಚ್ಚಿಡಲಿಲ್ಲ. ಅದು ನನಗೆ ಇಷ್ಟವಾಯಿತು.

ಅತ್ತೆ ಕೋಣೆಯೊಳಗೆ ಬಂದರು. ಮೇಜು ನೋಡಿದರು, ಪುಸ್ತಕ ನೋಡಿದರು, ಸೊಸೆಯನ್ನು ನೋಡಿದರು.

"ಎಷ್ಟು ದಿನದಿಂದ?"

"ಎರಡು ವರ್ಷ ಆತು ಅಮ್ಮಿ."

"ನನ್ ಹತ್ರ ಸುಳ್ಳು ಹೇಳಿ?"

"ಬೇಡ ಅಂತೀರೇನೋ ಅಂತ..."

"ಅಂತಿದ್ದೆ" ಎಂದರು ಅತ್ತೆ, ಮುಚ್ಚುಮರೆಯಿಲ್ಲದೆ. ನಡೆದು ಸುಸ್ತಾಗಿತ್ತೋ ಏನೋ, ಕುರ್ಚಿಯ ಮೇಲೆ ಕೂತುಬಿಟ್ಟರು. ಕಿಟಕಿಯಿಂದ ಗಾಳಿ ಬಂತು. ತಲೆಯ ಸೆರಗು ಸರಿಯಿತು, ಸರಿಮಾಡಿಕೊಳ್ಳಲಿಲ್ಲ. ನಾನು ನೀರು ತಂದುಕೊಟ್ಟೆ. ಕುಡಿದರು. ಕಣ್ಣು ಮುಚ್ಚಿಕೊಂಡು, ಒಂದು ಹತ್ತು ನಿಮಿಷ ಹಾಗೇ ಇದ್ದರು.

ಕಣ್ಣು ಬಿಟ್ಟು ನನ್ನ ಕಡೆ ತಿರುಗಿದರು.

"ಟೀಚರಮ್ಮಾ, ಇವ್ಳ ಪರೀಕ್ಷೆ ಮುಗಿದ್ ಮ್ಯಾಲೆ ಈ ಕೋಣೆ ಖಾಲಿ ಇರ್ತೈತಾ?"

"ಇರುತ್ತೆ ಅಮ್ಮ. ಯಾಕೆ?"

"ಹಂಗಾದ್ರೆ ದಿನಕ್ಕೊಂದು ಗಂಟೆ ನಾನು ಬರ್ತೀನಿ."

"ಬನ್ನಿ. ಏನು ಮಾಡ್ತೀರಿ?"

"ಏನೂ ಇಲ್ಲ. ಸುಮ್ನೆ ಕೂತ್ಕಂತೀನಿ."

ಮುಮ್ತಾಜ್ ಪರೀಕ್ಷೆ ಬರೆದಳು. ಇತಿಹಾಸ ಚೆನ್ನಾಗಾಗಿದೆಯಂತೆ, ಇಂಗ್ಲಿಷ್ ಕಷ್ಟವಂತೆ. ರಿಸಲ್ಟ್ ಇನ್ನೂ ಬಂದಿಲ್ಲ. ನನ್ನ ಮನೆಗೆ ತಾರಸಿ ಬಿತ್ತು, ಶಾಲೆ ಶುರುವಾಯಿತು. ಅತ್ತೆ ಹೇಳಿದ ಹಾಗೆ ಮಧ್ಯಾಹ್ನ ಬರುತ್ತಾರೆ. ಬಾಗಿಲು ಮುಂದಕ್ಕೆಳೆದುಕೊಂಡು ಒಂದು ಗಂಟೆ ಕೂತು ಎದ್ದು ಹೋಗುತ್ತಾರೆ. ಒಳಗೆ ಏನು ಯೋಚಿಸುತ್ತಾರೆ ಎಂದು ನಾನು ಇದುವರೆಗೆ ಕೇಳಿಲ್ಲ, ಕೇಳುವುದೂ ಇಲ್ಲ. ಅರವತ್ತು ದಾಟಿದ ಆ ಹೆಂಗಸು ಏಳು ಮಕ್ಕಳನ್ನು ಹೆತ್ತು, ಬೆಳೆಸಿ, ಮದುವೆ ಮಾಡಿದವರು. ಒಬ್ಬರೇ ಕೂರಲು ಊರ ಹೊರಗಿನ, ಪ್ಲಾಸ್ಟರೂ ಆಗದ ಪರರ ಕೋಣೆಯವರೆಗೆ ನಡೆದು ಬರಬೇಕಾಯಿತು.

ನಿಮ್ಮ ಮನೆಯಲ್ಲಿ ನಿಮ್ಮವ್ವ ಒಬ್ಬಳೇ ಹೋಗಿ ಸುಮ್ಮನೆ ಕೂರುವ ಜಾಗ ಯಾವುದು, ಅಡುಗೆಮನೆ ಬಿಟ್ಟು ಹೇಳಿ ನೋಡೋಣ?