ಎಲ್ಲಿ ಓದಿದ್ರಿ?

ಸೊರಬದ ಕಾಲೇಜೊಂದರ ಗ್ರಂಥಪಾಲಕಿ ಗಂಗಾಶ್ರೀ ಮೇಡಂ ಎದುರು ಯಾವ ಸುದ್ದಿಯನ್ನೂ ಸುಮ್ಮನೆ ಹೇಳಿ ಪಾರಾಗುವಂತಿಲ್ಲ, ನಾಳೆ ಮಳೆಯಂತೆ ಎಂದರೂ "ಎಲ್ಲಿ ಓದಿದ್ರಿ?" ಎಂದು ಕುತೂಹಲದಿಂದ ಕುರ್ಚಿ ಮುಂದಕ್ಕೆಳೆದುಕೊಳ್ಳುತ್ತಾರೆ. ಪ್ರಬಂಧದ ಕೊನೆಗೆ 'ಆಧಾರ: ಗೂಗಲ್' ಎಂದು ಬರೆದ ವಿದ್ಯಾರ್ಥಿಗಳಿಗೆ, "ಯಾವೂರಿಂದ ಬಂದ್ರಿ ಅಂದ್ರೆ ಬಸ್ಸಿಂದ ಅಂತೀರೇನ್ರಪ್ಪಾ? ಬರೆದವರ ಹೆಸರು, ಪುಟದ ವಿಳಾಸ, ನೋಡಿದ ತಾರೀಕು ಹಾಕಿ" ಎನ್ನುತ್ತಾರೆ. ಹೆಸರಲ್ಲಿ ಗದ್ದೆ ಇದೆಯೆಂದು ಕೃಷಿ ವಿಭಾಗಕ್ಕೆ ಸೇರಿಹೋದ ಕವನ ಸಂಕಲನ ಸಿಕ್ಕರೆ ಅವರಿಗೆ ಸಿಟ್ಟಿಗಿಂತ ಖುಷಿಯೇ ಹೆಚ್ಚು. ಭತ್ತದ ಪುಸ್ತಕವೆಂದು ಅದನ್ನು ಒಯ್ದವರು ಏನಂದರು ಎಂದು ವಿಚಾರಿಸದೆ ಬಿಡುವುದಿಲ್ಲ. ಒಮ್ಮೆ ಅಂತರ್ಜಾಲದ ದೊಡ್ಡ ಪುಸ್ತಕಸೂಚಿಯೊಂದರಲ್ಲಿ, ತೀರಿಹೋದ ತಮ್ಮ ತಂದೆ ವೀರಬಸಪ್ಪ ಕುಬಟೂರಿನ ದೇವಸ್ಥಾನಗಳ ಬಗ್ಗೆ ಬರೆದ ಒಂದೇ ಒಂದು ಪುಸ್ತಕ, ಅಚ್ಚು ಹಾಕಿದವರ ಹೆಸರಲ್ಲಿ ಇರುವುದನ್ನು ಕಂಡರು. ತಿದ್ದಿ ಎಂದು ಬರೆದರೆ "ಆಧಾರ ಕಳಿಸಿ" ಎಂಬ ಉತ್ತರ ಬಂತು. "ಸ್ವಂತ ಮಗಳಿಗೇ ಹಿಂಗ್ ಕೇಳ್ತಾರಲ್ರೀ!" ಎಂದು ಸಹೋದ್ಯೋಗಿ ಜ್ಯೋತಿಲಕ್ಷ್ಮಿ ರೇಗಿದರು. "ಸರಿಯಾಗೇ ಕೇಳಿದಾರೆ ಕಣ್ರೀ" ಎಂದು ನಕ್ಕ ಮೇಡಂ, ಮನೆಯಲ್ಲಿದ್ದ ಪ್ರತಿಯ ಮೊದಲ ಪುಟದ ಫೋಟೊ ತೆಗೆದು ಕಳಿಸಿದರು. ಹೆಸರು ಸರಿಯಾದ ದಿನ ಶಿಕಾರಿಪುರಕ್ಕೆ ಹೋಗಿ, ಓದು ಬಾರದ ತಾಯಿ ನಿರ್ಮಲಮ್ಮನವರಿಗೆ ಮೊಬೈಲಿನಲ್ಲಿ ತೋರಿಸಿದರು. ಆಕೆ ಪರದೆಯನ್ನು ಸೆರಗಿನಿಂದ ಮೆಲ್ಲಗೆ ಒರೆಸಿ, "ಹಂಗಾರೆ ಹುಡುಕಿದ್ರೆ ಸಿಗ್ತಾರೇನೆ ಇವ್ರು?" ಎಂದು ಕೇಳಿದರು. "ಸಿಗ್ತಾರಮ್ಮ," ಎಂದರು ಗಂಗಾಶ್ರೀ, "ಯಾವೂರಲ್ಲಿ ಕೂತು ಹುಡುಕಿದ್ರೂ."