ಕಮಲಾಬಾಯಿ ಹಿಡಿದಿಟ್ಟ ಸೀಟು

ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಮೋರಟಗಿ ಬಸ್ಸು ನಿಲ್ಲುವ ಮೊದಲೇ ಅದರ ಕಿಟಕಿಗಳೊಳಗೆ ಕರವಸ್ತ್ರ, ಊಟದ ಚೀಲ, ಛತ್ರಿ ಒಂದರ ಹಿಂದೊಂದು ಬೀಳುತ್ತಿದ್ದವು. ಎಲ್ಲವೂ ನರ್ಸ್ ಕಮಲಾಬಾಯಿಯವರವೇ. ಅವರ ಸಾಮಾನು ಬಿದ್ದ ಸೀಟಿನಲ್ಲಿ ಕೂಡುವ ಧೈರ್ಯ ಯಾವ ಗಂಡಸಿಗೂ ಇರಲಿಲ್ಲ. ಹಾಗೆ ಹಿಡಿದ ಸೀಟುಗಳು ನಮ್ಮವು: ಶಾಲೆಯಲ್ಲಿ ಕಲಿಸುವ ನನ್ನದು, ಬ್ಯಾಂಕಿನ ಸವಿತಾಳದು, ಪಂಚಾಯ್ತಿಯ ಕಂಪ್ಯೂಟರ್ ಹುಡುಗಿ ರೇಖಾಳದು.

ಬಸ್ಸು ಊರು ದಾಟಿತೆಂದರೆ ನಮ್ಮ ದೂರುಗಳು ಶುರು. ರಜೆ ಕೊಡದ ಸಾಹೇಬರು, ಮುಖ ಗಂಟಿಕ್ಕಿದ ಅತ್ತೆ, ಹೀಗೆ. ಕಮಲಾಬಾಯಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನಿದ್ದೆ ಹೋದರೆಂದು ನಾವು ಅಂದುಕೊಳ್ಳುವಷ್ಟರಲ್ಲಿ, "ಈಗ ನಿನಗ ಏನ್ ಬೇಕು, ಅದನ್ನ ಹೇಳು" ಎನ್ನುತ್ತಿದ್ದರು. ಅದಕ್ಕೆ ಉತ್ತರ ಇಲ್ಲದವರು ಮೋರಟಗಿಯವರೆಗೆ ಹೊಲ ನೋಡುತ್ತ ಕೂಡಬೇಕಿತ್ತು.

ರೇಖಾ ಒಮ್ಮೆ ಉತ್ತರ ಕೊಟ್ಟಳು. ಪಂಚಾಯ್ತಿ ಶೌಚಾಲಯದ ಕೀಲಿ ಗುಮಾಸ್ತನ ಜೇಬಿನಲ್ಲಿರುತ್ತಿತ್ತು. ಅವನನ್ನು ಕೇಳಲು ನಾಚಿ ಅವಳು ದಿನವಿಡೀ ನೀರೇ ಕುಡಿಯುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಆ ಕೀಲಿ. ಮರುದಿನ ಊಟದ ಹೊತ್ತಿಗೆ ಕಮಲಾಬಾಯಿ ನಮ್ಮನ್ನೆಲ್ಲ ಪಂಚಾಯ್ತಿಗೆ ಕರೆದುಕೊಂಡು ಹೋದರು. ಒಬ್ಬೊಬ್ಬರಾಗಿ ಕೀಲಿ ಕೇಳಿದೆವು. ಗುಮಾಸ್ತ ತಲೆ ಎತ್ತದೆ ಕೊಟ್ಟ. ಅಂದಿನಿಂದ ಕೀಲಿ ಗೋಡೆಯ ಮೊಳೆಗೆ ಬಂತು.

ಆಮೇಲೆ ನನ್ನ ಸರದಿ. ಹೆರಿಗೆ ರಜೆ ಮುಗಿದಿತ್ತು. ಅತ್ತೆಗೆ ಮೊಣಕಾಲು ನೋವು, ಅಂಬೆಗಾಲಿಡುವ ಮಗಳ ಹಿಂದೆ ಓಡಲಾಗದು. ನಾನು ನೌಕರಿ ಬಿಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಬಸ್ಸಿನಲ್ಲಿ ಹೇಳುತ್ತ ಅತ್ತುಬಿಟ್ಟೆ. ಅದೇ ಪ್ರಶ್ನೆ ಬಂತು.

"ಕೂಸಿನ್ನ ಹಿಡಿಯೋರು ಬೇಕ್ರಿ" ಎಂದೆ.

ಅವರು ನನ್ನ ಕಡೆ ನೋಡಲಿಲ್ಲ. ಸವಿತಾಳಿಗೆ, "ನಿಮ್ಮ ಅವ್ವಾರು ಹಗಲೆಲ್ಲಾ ಏನ್ ಮಾಡ್ತಾರ?" ಎಂದರು. ಸವಿತಾಳ ತಾಯಿ ನಮ್ಮ ಪಕ್ಕದ ಓಣಿಯಲ್ಲೇ ಇದ್ದರು. ಹಗಲು ಮನೆಯಲ್ಲಿ ಒಬ್ಬರೇ.

ಮೊಮ್ಮಗಳನ್ನು ಪರರ ಮನೆಗೆ ಬಿಡುವುದೇ ಎಂದು ಅತ್ತೆ ಸಿಡಿದರು. ಭಾನುವಾರ ಕಮಲಾಬಾಯಿ ಮನೆಗೆ ಬಂದು, ಚಹಾ ಕುಡಿದು, ಅವರಿಗೆ ಹೇಳಿದ್ದು ಇಷ್ಟೇ: "ಕೂಸಿನ ಜೋಡಿ ನೀವೂ ಹೋಗ್ರಿ. ಅಲ್ಲೇ ಕುಂತು ನೋಡ್ಕೋರಿ."

ಅತ್ತೆ ಕಾವಲಿಗೆಂದು ಹೋದರು. ತಿಂಗಳು ಕಳೆಯುವಷ್ಟರಲ್ಲಿ, ನನಗೆ ರಜೆ ಇದ್ದ ದಿನವೂ ನನ್ನ ಕೈಲಿ ಮಗುವನ್ನು ಎತ್ತಿಸಿಕೊಂಡು ಅಲ್ಲಿಗೇ ಹೊರಡತೊಡಗಿದರು. ಅತ್ತೆ, ಸವಿತಾಳ ತಾಯಿ ಇಬ್ಬರೂ ಧಾರಾವಾಹಿ ನೋಡುತ್ತ ಜಗಳಾಡುತ್ತಿದ್ದರಂತೆ. ನನ್ನ ನೌಕರಿ ಉಳಿಯಿತು. ಕಮಲಾಬಾಯಿಗೆ ಋಣಿಯಾದಷ್ಟು ಹೆತ್ತವರಿಗೂ ಋಣಿಯೆಂದು ನನಗೆ ಅನಿಸಿರಲಿಲ್ಲ.

ಮುಂದೆ ಕಮಲಾಬಾಯಿಗೆ ಗೊಳಸಂಗಿಗೆ ವರ್ಗವಾಯಿತು. ಹೋದ ವರ್ಷ ಮದುವೆಗೆಂದು ಹೋದಾಗ ಬಸವನ ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಒಬ್ಬರೇ ಇದ್ದರು, ಸೊರಗಿದ್ದರು. ನನ್ನ ಮಗಳು ಈಗ ಶಾಲೆಗೆ ಹೋಗುತ್ತಾಳೆಂದು ಹೇಳಿ, ನನಗಾಗಿ ಅಷ್ಟೆಲ್ಲ ಯಾಕೆ ಓಡಾಡಿದಿರಿ ಎಂದು ಕೇಳಿಯೇಬಿಟ್ಟೆ. ಮಗ ಕೂಸಾಗಿದ್ದಾಗ ತಾವೂ ಒಂದು ಖಾಸಗಿ ಆಸ್ಪತ್ರೆಯ ಕೆಲಸ ಬಿಟ್ಟಿದ್ದಾಗಿ, ಅವನು ದೊಡ್ಡವನಾದ ಮೇಲಷ್ಟೇ ಮತ್ತೆ ಕೆಲಸಕ್ಕೆ ಸೇರಿದ್ದಾಗಿ ಹೇಳಿದರು. ಗೊಳಸಂಗಿ ಬಸ್ಸು ಬಂದಿತ್ತು. ಎದ್ದು ನಿಂತರು.

"ನಾ ಬಿಟ್ಟಾಗ ಗೆಳತ್ಯಾರೆಲ್ಲಾ ಮನಿಗೆ ಬಂದು ಅತ್ತು ಹೋದ್ರು" ಎಂದರು. "ಕೂಸಿನ್ನ ಒಬ್ಬಾಕಿನೂ ಎತ್ತಿಕೊಳ್ಳಲಿಲ್ಲ."