ಲ್ಯಾಟಿನ್ ಬಹುವಚನಕ್ಕೆ ಎದ್ದು ನಿಂತವರು

...ಬಹುವಚನ ಎಂದ ಮೇಲೆ ತಪ್ಪೂ ಎಲ್ಲರದ್ದೇ, ಒಬ್ಬ ತಪ್ಪಿದರೆ ಇಡೀ ಕ್ಲಾಸ್ ಎದ್ದು ನಿಲ್ಲಲಿ ಎಂದೋ ಏನೋ ಹರಿಹರದ ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು.

ಗೆಳೆಯರೇ, ಆ ಕ್ಲಾಸಿನ ಐದು ಜನ ಇವತ್ತು ವಿನೋಬನಗರದ ಫ್ಲೆಕ್ಸ್ ಅಂಗಡಿಯಲ್ಲಿ ಬ್ಯಾನರ್ ಮಾಡಿಸುತ್ತ ಕೂತಿದ್ದೆವು. ಭಾನುವಾರ ಕೊಂಡಜ್ಜಿ ಕೆರೆಯ ಬಳಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರುತ್ತಿದ್ದೇವೆ. ಮಂಡಿನೋವೆಂದು ಮೇಷ್ಟ್ರು ಬರಲು ಒಪ್ಪಿರಲಿಲ್ಲ. ಅವರೇ ಇಲ್ಲದ ಮೇಲೆ ಬ್ಯಾನರ್ ಯಾಕೆ ಎಂಬ ಬೇಸರ ಎಲ್ಲರಿಗೂ ಇತ್ತು. ಅದರ ನಡುವೆ ಬಸವರಾಜ, ಹಳೆಯ ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲಿ 'ಅಲಮ್ನಸಸ್' ಎಂದು ಬರೆಸಿದ. ಗಿರಿಜಾ 'ಅಲಮ್ನೈ' ಎಂದಳು.

"ಜಗಳ ಯಾಕ? ಮೇಷ್ಟ್ರಿಗೇ ಫೋನ್ ಮಾಡ್ತೀನಿ ತಡಿ," ಎಂದು ಅವಳೇ ಸ್ಪೀಕರ್ ಹಾಕಿದಳು.

"ಅಲಮ್ನೈ. ಲ್ಯಾಟಿನ್ ಪದ ಅದು," ಎಂದರು ಮೇಷ್ಟ್ರು. "ಬಸವರಾಜ ಅದಾನೇನು ಅಲ್ಲಿ? ಸ್ಟೇಡಿಯಂ ಬಹುವಚನ ಹೇಳಲೇ."

"ಸ್ಟೇಡಿಯೈ ಸಾರ್!" ಬಸವರಾಜನಿಗೆ ಭಾರಿ ಧೈರ್ಯ.

"ಸ್ಟೇಡಿಯಾ ಅನ್ಬೇಕಲೇ!" ಎಂದು ಮೇಷ್ಟ್ರು ಗದರಿದರು.

ಎದ್ದು ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ. ಐವತ್ತು ದಾಟಿದ ಐದೂ ಜನ ಪ್ಲಾಸ್ಟಿಕ್ ಕುರ್ಚಿ ಬಿಟ್ಟು ಎದ್ದು ನಿಂತಿದ್ದೆವು. ದೇಹಕ್ಕೆ ಅದರದ್ದೇ ನೆನಪು ಇರಬೇಕು. ಕಂಪ್ಯೂಟರ್ ಮುಂದಿದ್ದ ಹುಡುಗಿ, "ಯಾಕ್ರೀ, ಏನಾತು?" ಎಂದು ತಾನೂ ಎದ್ದಳು.

"ಆತು, ಎಲ್ಲಾ ಕೂಡ್ರಿ," ಎಂದರು ಮೇಷ್ಟ್ರು. "ನಿಮಗಿನ್ನೂ ಪಾಠ ಬಾಕಿ ಐತೆ. ಭಾನುವಾರ ಕಾರ್ ಕಳಿಸ್ರಿ, ಬರ್ತೀನಿ."

ಮೇಷ್ಟ್ರೇ, ಅದು ವಿಡಿಯೋ ಕರೆಯಾಗಿರಲಿಲ್ಲ. ನಾವು ನಿಂತದ್ದು ನಿಮಗೆ ಹೇಗೆ ಗೊತ್ತಾಯಿತು?